ಉಳುಮೆ ಬಿಟ್ಟ ಮೇಲೆ

ಸುಗಟೂರಿನ ಹತ್ತಿರ ನಮಗಿರುವ ರಾಗಿ ಹೊಲವನ್ನು ಉಳುವುದನ್ನು ನಿಲ್ಲಿಸಿದ್ದು ಯಾವ ದೊಡ್ಡ ಆದರ್ಶಕ್ಕೂ ಅಲ್ಲ. ಆ ವರ್ಷ ಡೀಸೆಲ್ ಬೆಲೆ ಏರಿ, ಅದರ ಹಿಂದೆಯೇ ಟ್ರ್ಯಾಕ್ಟರ್ ಬಾಡಿಗೆಯೂ ಏರಿತ್ತು. ಎರಡು ಸಲ ಉಳುಮೆ ಮಾಡಿಸಿ ಮಣ್ಣನ್ನು ಹಿಟ್ಟಿನಂತೆ ಹದ ಮಾಡಿಟ್ಟಿದ್ದೆ. ಮಾರನೆಯ ದಿನವೇ ಜೋರು ಮಳೆ ಬಂದು ಮೇಲ್ಮಣ್ಣೆಲ್ಲ ಕೆಂಪು ನೀರಾಗಿ ರಸ್ತೆಯ ಮೋರಿಗೆ ಇಳಿಯಿತು. ಬದುವಿನ ಮೇಲೆ ಛತ್ರಿ ಹಿಡಿದು ನಿಂತು ನೋಡಿದೆ. ಕೈಯಾರೆ ದುಡ್ಡು ಕೊಟ್ಟು ಮಣ್ಣನ್ನು ಸಾಗಹಾಕಿದಂತಾಯಿತಲ್ಲ ಅನ್ನಿಸಿತು.

ಗಂಡ ಮಾಲೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾರೆ. ಹೊಲ, ಹಸು ಎರಡೂ ನನ್ನ ಪಾಲಿನವು. ಇನ್ನು ಉಳುಮೆ ಮಾಡಿಸುವುದಿಲ್ಲ ಎಂದು ಹೇಳಿದಾಗ ಅವರು ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದರು. "ಬಾಡಿಗೆ ಮಿಗ್ತದಲ್ಲ, ಸರಿ ಬಿಡು," ಎಂದು ತಲೆ ಎತ್ತದೆಯೇ ಹೇಳಿ ಬಸ್ಸಿಗೆ ಹೋದರು.

ಪಕ್ಕದ ಹೊಲದವಳು ಮಾತ್ರ ಅಷ್ಟು ಸುಲಭವಾಗಿ ಬಿಡಲಿಲ್ಲ. ನಾನು ಮದುವೆಯಾಗಿ ಬಂದಾಗಿನಿಂದ ನಾವಿಬ್ಬರೂ ಮುಯ್ಯಾಳುಗಳು. ಅವಳ ಹೊಲದಲ್ಲಿ ನಾನು ಎಷ್ಟು ದಿನ ಕಳೆ ಕೀಳುತ್ತಿದ್ದೆನೋ ಅಷ್ಟೇ ದಿನ ಅವಳು ನನ್ನ ಹೊಲಕ್ಕೆ ಬರುತ್ತಿದ್ದಳು, ಕೂಲಿಯ ಮಾತಿಲ್ಲ. ಮುಳಬಾಗಿಲು ಕಡೆಯವಳು. ಸಿಟ್ಟು ಬಂದರೂ ಅಕ್ಕರೆ ಬಂದರೂ ಬಾಯಲ್ಲಿ ತೆಲುಗೇ ಬರುತ್ತಿತ್ತು. ಕಳೆಯ ದಿನಗಳಲ್ಲಿ ನಾವು ಮಾತಾಡದೇ ಉಳಿಸಿದ ವಿಷಯವೇ ಇರಲಿಲ್ಲ.

ಅವರೆ ಬಳ್ಳಿ, ಹುರುಳಿ ಸೊಪ್ಪು, ರೇಷ್ಮೆ ಮನೆಗಳಿಂದ ತಂದ ಹಿಪ್ಪುನೇರಳೆ ಕಡ್ಡಿ ಎಲ್ಲವನ್ನೂ ನಾನು ಹೊಲದ ಮೇಲೆ ಹರಡಿದ್ದನ್ನು ಕಂಡು ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನೇ ಇದು, ಹೊಲಾನೋ ತಿಪ್ಪೇನೋ?"

"ಮಣ್ಣು ಮುಚ್ಚಿದ್ರೆ ತೇವ ನಿಲ್ತದಂತೆ ಕಣೇ."

"ಚೇಳೂ ನಿಲ್ತದೆ," ಎಂದಳು.

ಮೊದಲ ವರ್ಷ ಅವಳ ಮಾತೇ ಗೆದ್ದಂತಿತ್ತು. ಉಳದ ನೆಲದಲ್ಲಿ ಕಳೆ ನುಗ್ಗಿ ಬಂತು. ಟ್ರ್ಯಾಕ್ಟರಿಗೆ ಕೊಡದೆ ಉಳಿದದ್ದೆಲ್ಲ ಕಳೆಯ ಕೂಲಿಗೆ ಹೋಯಿತು. ರಾಗಿಯ ಹುಲ್ಲಿನಲ್ಲೂ ಒಂದಷ್ಟನ್ನು ನೆಲಕ್ಕೇ ಬಿಟ್ಟಿದ್ದರಿಂದ ಹಸುಗಳಿಗೆ ಹುಲ್ಲು ಕೊಳ್ಳಬೇಕಾಯಿತು. ಕಡ್ಡಿ ಚುಚ್ಚುತ್ತದೆಂದು ಕೂಲಿಯ ಹೆಂಗಸರು ಗೊಣಗಿದರು. ಅವಳು ಗೊಣಗಲಿಲ್ಲ. ಗಂಡನ ಹಳೆಯ ಚಪ್ಪಲಿ ಮೆಟ್ಟಿಕೊಂಡು ಬಂದು, ನನ್ನ ಸಾಲಿನ ಪಕ್ಕದಲ್ಲೇ ಕೂತು ಕಳೆ ಕಿತ್ತಳು.

ಆಮೇಲಾಮೇಲೆ ಹೊಲ ಹದಕ್ಕೆ ಬಂತು. ಸೊಪ್ಪು ಕಡ್ಡಿಯ ಮುಚ್ಚಿಗೆಯ ಕೆಳಗೆ ಕಳೆ ಸೊರಗಿತು, ಬೆರಳಿನಿಂದಲೇ ಕುಳಿ ತೋಡಿ ಪೈರು ನೆಡುವಷ್ಟು ಮಣ್ಣು ಮೆತ್ತಗಾಯಿತು. ರಾಗಿ ಅವಳ ಹೊಲಕ್ಕಿಂತ ತುಸು ಕಡಿಮೆಯೇ ಬಂತು. ಆದರೆ ಖರ್ಚು ಕಳೆದರೆ ಕೈಯಲ್ಲಿ ನಿಂತದ್ದು ನನಗೇ ಹೆಚ್ಚು. ಉಳಿದಿದ್ದ ಕಳೆಗೆ ನಾನೊಬ್ಬಳೇ ಸಾಕಾದೆ.

ಅದೇ ತೊಡಕಾಯಿತು. ಅವಳ ಹೊಲಕ್ಕೆ ನಾನು ಎಂದಿನಂತೆ ಹೋದೆ. ತಿರುಗಿ ಬಂದು ಮಾಡಲು ಅವಳಿಗೆ ನನ್ನಲ್ಲಿ ಕೆಲಸವಿರಲಿಲ್ಲ. ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಬದುವಿನಲ್ಲೇ ನನ್ನನ್ನು ತಡೆದಳು.

"ನೀನು ಬರೋದು ಬೇಡಮ್ಮಾ. ನಾನು ಯಾವಾಗ ತೀರಿಸ್ಲಿ ಇದನ್ನ?"

"ತೀರಿಸೋದೇನೇ? ಸುಮ್ನೆ ಬಂದು ಕೂತ್ಕೋ."

"ಕೂತ್ಕೊಳ್ಳೋಕೆ ಯಾರಾದ್ರೂ ಹೊಲಕ್ಕೆ ಬರ್ತಾರಾ?"

ಸಿಟ್ಟಿರಲಿಲ್ಲ ಅವಳಲ್ಲಿ. ಹಂಗಿನಲ್ಲಿರುವುದು ಅವಳಿಗಾಗದು, ಅಷ್ಟೆ. ಮುಂದಿನ ಹಂಗಾಮಿಗೆ ವಕ್ಕಲೇರಿಯಿಂದ ಮದುವೆಯಾಗಿ ಬಂದ ಹೊಸ ಸೊಸೆಯೊಬ್ಬಳನ್ನು ಮುಯ್ಯಾಳು ಮಾಡಿಕೊಂಡಳು.

ಈ ವರ್ಷ ಅವರಿಬ್ಬರ ನಗು ಬದು ದಾಟಿ ಬರುತ್ತಿತ್ತು. ಒಂದು ಮಧ್ಯಾಹ್ನ ತಡೆಯಲಾಗದೆ ನನ್ನ ಊಟದ ಡಬ್ಬಿ ಹಿಡಿದುಕೊಂಡು ಹೋದೆ. ಜಾಗ ಮಾಡಿ ಕೂರಿಸಿಕೊಂಡರು. "ತಿನವೇ," ಎಂದು ಅವಳು ನನ್ನ ಮುದ್ದೆಗೆ ಸಾರು ಬಿಟ್ಟಳು. ಹೊಸಬಳ ತಂಗಿಗೆ ನೋಡುತ್ತಿದ್ದ ಯಾವುದೋ ಗಂಡಿನ ಸುದ್ದಿ ನಡೆದಿತ್ತು. ವಾರದಿಂದ ಆಡುತ್ತಾ ಬಂದ ಮಾತು. ಇಬ್ಬರೂ ಒಟ್ಟಿಗೆ ನಕ್ಕಾಗ ಯಾಕೆಂದು ತಿಳಿಯದೆ ನಾನೂ ನಕ್ಕೆ.

ಉಂಡು ಎದ್ದ ಅವರು ಕಳೆಗುದ್ದಲಿ ತೆಗೆದುಕೊಂಡು ಸಾಲಿಗೆ ಇಳಿದರು. ನಾನು ಡಬ್ಬಿ ತೊಳೆದುಕೊಂಡು ನನ್ನ ಹೊಲಕ್ಕೆ ಬಂದೆ. ಮತ್ತೆ ಉಳುಮೆ ಮಾಡಿಸಬೇಕೆಂದು ನನಗೆ ಅನ್ನಿಸುವುದಿಲ್ಲ. ಮಣ್ಣು ಹರಿದು ಹೋಗುವುದನ್ನು ನೋಡಲಾರೆ. ಮುಚ್ಚಿಗೆ ಸರಿದಿದ್ದ ಕಡೆ ಎಳೆದು ಸರಿಮಾಡಿದೆ. ಬೇರೆ ಕೆಲಸವಿರಲಿಲ್ಲ. ಹಾಲು ಕರೆಯುವ ಹೊತ್ತಿಗೆ ಇನ್ನೂ ತುಂಬ ಸಮಯವಿತ್ತು.