ಝಂಡಾ ಕಾಕಾ

ಅವರ ಬಲ ಅಂಗೈಯಲ್ಲಿ ಒಂದು ಗೆರೆ ಹೆಚ್ಚಿಗೆ ಇತ್ತು. ಹಗ್ಗ ಉಜ್ಜಿ ಉಜ್ಜಿ ಬಿದ್ದದ್ದು, ಬೆಳ್ಳಗೆ, ನುಣ್ಣಗೆ. ಚಹಾದ ಬಿಸಿ ಬಟ್ಟಲನ್ನು ಅದರ ಮೇಲಿಟ್ಟುಕೊಂಡೇ ಕುಡಿಯುತ್ತಿದ್ದರು. ಸುಡುತ್ತಿರಲಿಲ್ಲವಂತೆ.

ರಾಣೆಬೆನ್ನೂರಿನ ನಮ್ಮ ಓಣಿಗೆಲ್ಲ ಅವರು ಝಂಡಾ ಕಾಕಾ. ಹುಟ್ಟೂರು ಐರಣಿ. ಮಿಲ್ಟ್ರಿಯಲ್ಲಿದ್ದು, ಕೊನೆಯ ಕೆಲವು ವರ್ಷ ದಿಲ್ಲಿಯ ರಾಷ್ಟ್ರಪತಿ ಭವನದಲ್ಲಿ ಧ್ವಜ ಏರಿಸಿ ಇಳಿಸುವ ಕೆಲಸ ಮಾಡಿದವರು. ರಾಷ್ಟ್ರಪತಿಗಳ ಕಾರು ದೊಡ್ಡ ಗೇಟಿನೊಳಗೆ ಬರುತ್ತಿದ್ದಂತೆ ಧ್ವಜ ಮೇಲೇರಬೇಕು. ಅವರು ಊರು ಬಿಟ್ಟ ಕೂಡಲೇ ಇಳಿಯಬೇಕು. “ಏರಸೂದು ಲಗೂ, ಇಳಸೂದು ಸಾವಕಾಶ,” ಎನ್ನುತ್ತಿದ್ದರು. ನಿವೃತ್ತರಾದ ಮೇಲೂ ಗೇಟಿನ ಸಪ್ಪಳವಾದರೆ ಸಾಕು, ಉಣ್ಣುವ ತಾಟು ಬಿಟ್ಟು ಎದ್ದು ನಿಲ್ಲುವರು. ಬಂದವನು ಹಾಲಿನವನಾಗಿರುತ್ತಿದ್ದ.

ಒಂದು ಆಗಸ್ಟ್ ಹದಿನೈದರ ನಸುಕಿನಲ್ಲಿ ಅವರ ಹೆಂಡತಿ ತೀರಿಕೊಂಡರು. ಓಣಿಯ ಧ್ವಜ ಪ್ರತಿ ವರ್ಷ ಏರಿಸುತ್ತಿದ್ದವರು ಕಾಕಾ. ಈ ಸಲ ಅವರನ್ನು ಕರೆಯುವುದು ಬೇಡವೆಂದು ಎಲ್ಲರೂ ಸುಮ್ಮನಿದ್ದರು. ಅವರೇ ಇಸ್ತ್ರಿ ಅಂಗಿ ತೊಟ್ಟು ಬಂದರು. ಹೆಣ ಇನ್ನೂ ಪಡಸಾಲೆಯಲ್ಲಿತ್ತು. ಧ್ವಜ ಏರಿಸಿ ಸೆಲ್ಯೂಟ್ ಹೊಡೆದರು.

“ಎಂಥಾ ಕಲ್ಲ ಎದಿ ನೋಡ್ರಿ,” ಎಂದರು ಯಾರೋ.

ನನ್ನ ಅವ್ವ ತಡೆಯಲಾರದೆ ಕೇಳಿದಳು: “ಇವತ್ತ ಮತ್ತ್ಯಾರರ ಏರಸ್ತಿದ್ರಲ್ಲರಿ?”

“ಬಾಕಿ ದಿನಾ ಭವನದಾಗ ಸಾಹೇಬ್ರು ಇದ್ರಷ್ಟ ಹಾರತೈತ್ರಿ. ಇವತ್ತ ಹಂಗಲ್ಲ. ಮನಿಯವ್ರು ಇರಲಿ, ಬಿಡಲಿ, ಹಾರಬೇಕು.”

ಅಷ್ಟು ಹೇಳಿ ಒಳಗೆ ಹೋಗಿ ಹೆಂಡತಿಯ ಪಕ್ಕ ಕುಳಿತರು. ಕಣ್ಣು ಒಣಗಿದ್ದವು.

ಮುಂದೆ, ನಾನು ಮದುವೆಯಾಗಿ ಹೋದ ಬ್ಯಾಡಗಿಯಲ್ಲಿ ನನ್ನ ಗಂಡ ತೀರಿಕೊಂಡಾಗ ನನಗೆ ಅಳು ಬರಲಿಲ್ಲ. ಮೈಗೆಲ್ಲ ಜೋಮು ಹಿಡಿದಂತೆ ಕುಳಿತಿದ್ದೆ. “ಆಕೀನ್ನ ಅಳಸ್ರಿ, ಇಲ್ಲಂದ್ರ ಎದ್ಯಾಗ ಉಳದ್ಬಿಡತೈತಿ,” ಎಂದು ಹೆಂಗಸರು ನನ್ನ ಭುಜ ಹಿಡಿದು ಅಲುಗಾಡಿಸುತ್ತಿದ್ದರು. ಬಸ್ಸಿಳಿದು ನೇರ ಒಳಗೆ ಬಂದ ಕಾಕಾ ನನ್ನೆದುರು ನೆಲದ ಮೇಲೆ ಕುಳಿತರು.

“ಬಿಡ್ರಿ ಆಕೀನ್ನ. ನಮ್ಮಾಕಿ ಹೋದಾಗಿಂದ ನನಗ ಇನ್ನೂ ಬಂದಿಲ್ಲ,” ಎಂದರು. ಆಮೇಲೆ ನನಗೆ, “ಯವ್ವಾ, ಒಂದೀಟು ನೀರು ಕುಡಿ.”

ಸಂಜೆತನಕ ಅಲ್ಲೇ ಇದ್ದರು. ಮತ್ತೆ ಯಾರೂ ನನ್ನನ್ನು ಅಲುಗಾಡಿಸಲಿಲ್ಲ.

ಹೋದ ತಿಂಗಳು ಕಾಕಾ ತೀರಿಕೊಂಡರು. ಐರಣಿಗೆ ಒಯ್ದರು. ಗಂಡಸರು ಅವರನ್ನು ಹೊತ್ತು ಹೊಳೆದಂಡೆಯತ್ತ ನಡೆದಾಗ ನಾನು ಅಂಗಳದಲ್ಲಿ ನಿಂತಿದ್ದೆ. ಗುರುತಿಲ್ಲದ ಮುದುಕಿಯೊಬ್ಬಳು ಬೆನ್ನು ಸವರಿದಳು.

“ಅತ್ತುಬಿಡವಾ, ಹಗರಾಗತೈತಿ.”

“ಬರವಲ್ದು, ಆಯಿ,” ಎಂದೆ. ಹಾಗೆನ್ನಲು ನನಗೆ ನಾಚಿಕೆಯಾಗಲಿಲ್ಲ.

ಆಕೆ ನನ್ನ ಜೊತೆ ನಿಂತಳು.