ಮೇಲೆ ನಿಂತ ಲೋಲಕ

ನನ್ನ ಸೊಸೆ ಜ್ಞಾನಭಾರತಿ ಕಡೆಯ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತಾಳೆ. ಖಾಯಂ ಅಲ್ಲ, ಗೆಸ್ಟ್ ಲೆಕ್ಚರರ್. ವಾರಕ್ಕೆ ಇಷ್ಟು ಗಂಟೆ ಪಾಠವಿದ್ದರೆ ಕೆಲಸ, ಇಲ್ಲದಿದ್ದರೆ ಮನೆ. ಈ ವರ್ಷ ಗಂಟೆಗಳು ಸಾಲಲಿಲ್ಲ. ಅದಕ್ಕೆ ಅವಳೂ ಅಲ್ಲಿನ ಮ್ಯಾಥ್ಸ್ ಮೇಷ್ಟ್ರೂ ಸೇರಿ, ಕಂಪ್ಯೂಟರ್ ಲ್ಯಾಬಿನಲ್ಲಿ ಎರಡೂ ಪಾಠ ಒಟ್ಟಿಗೆ ಮಾಡುತ್ತೇವೆಂದು ಕೇಳಿಕೊಂಡರು. ಆ ಗಂಟೆಗಳು ಇವಳಿಗೂ ಸೇರುತ್ತವೆ. ಅವರು ಲೆಕ್ಕ ಬರೆಯುವುದು, ಇವಳು ಅದೇ ಲೆಕ್ಕದಿಂದ ಪರದೆಯ ಮೇಲೆ ಲೋಲಕ ಆಡಿಸುವುದು. ಲೋಲಕವೆಂದರೆ ಮೊಳೆಗೆ ನೇತುಹಾಕಿದ ಗುಂಡು, ಅಷ್ಟೇ. ಸೋಮವಾರ ಬಂದು ನೋಡಿ, ಸರಿಯೆನಿಸಿದರೆ ಸಹಿ ಹಾಕುತ್ತೇನೆ ಎಂದರಂತೆ ಪ್ರಿನ್ಸಿಪಾಲರು.

ಭಾನುವಾರ ಮಧ್ಯಾಹ್ನ ಮೇಷ್ಟ್ರು ಅತ್ತಿಗುಪ್ಪೆಯ ನಮ್ಮ ಮನೆಗೆ ಬಂದರು. ಇಬ್ಬರೂ ಲ್ಯಾಪ್‌ಟಾಪ್ ಮುಂದೆ ಕೂತರು. ನಾನು ಪಕ್ಕದಲ್ಲೇ ಹುರುಳಿಕಾಯಿ ಹೆಚ್ಚುತ್ತಿದ್ದೆ. ಆಡಿಸುವ ಮೊದಲೇ ಗುಂಡು ಕೆಳಗಿರುವುದು ಬಿಟ್ಟು ಮೊಳೆಗಿಂತ ಮೇಲೆ ಹೋಗಿ ನಿಂತಿತು. ಮತ್ತೆ ಮಾಡಿದರು, ಮತ್ತೆ ಅಲ್ಲೇ ನಿಂತಿತು.

"ನಿಮ್ಮ ಈಕ್ವೇಶನ್ ತಪ್ಪಿದೆ ಸಾರ್," ಎಂದಳು ಸೊಸೆ.

"ಮೂರು ಸಲ ನೋಡಿದೀನಿ ಮೇಡಂ. ನೀವೇ ಏನೋ ತಪ್ಪು ಹಾಕಿರ್ತೀರ."

"ನಾನಾ? ಹತ್ತು ಅಂತ ಒಂದು ನಂಬರ್ ಹಾಕಿದೀನಿ, ಅಷ್ಟೇ!"

"ಹಂಗಾದ್ರೆ ಅವರವರ ಪಾಠ ಅವರವರು ಮಾಡ್ಕೊಳೋಣ ಬಿಡಿ," ಎಂದು ಮೇಷ್ಟ್ರು ಬ್ಯಾಗು ಹೆಗಲಿಗೇರಿಸಿದರು.

ಹಾಗೆ ಮಾಡಿದರೆ ಕೆಲಸ ಹೋಗುವುದು ನನ್ನ ಸೊಸೆಯದು, ಅವರದಲ್ಲ; ಅವರು ಖಾಯಂ. ನನಗೆ ಸಿಟ್ಟು ಬಂತು.

"ಕೂತ್ಕೊಳಿ ಸಾರ್. ಏನೇ, ಹತ್ತು ಅಂದ್ರೆ ಏನ್ ಹತ್ತು?"

"ಡಿಗ್ರಿ ಅತ್ತೆ. ಗುಂಡನ್ನ ಎಷ್ಟು ಓರೆಗೆ ಎಳೀಬೇಕು ಅನ್ನೋದು."

ಮೇಷ್ಟ್ರು ಬ್ಯಾಗು ಇಳಿಸಿದರು. ಕೋನಕ್ಕೆ ಅವರ ಅಳತೆ ಬೇರೆ, ರೇಡಿಯನ್ ಅಂತೆ. ಅವರ ಒಂದು ಇವಳ ಐವತ್ತೇಳಕ್ಕೆ ಹತ್ತಿರ. ಇವಳ ಹತ್ತನ್ನು ಕಂಪ್ಯೂಟರ್ ಅವರ ಹತ್ತು ಎಂದುಕೊಂಡು, ಗುಂಡನ್ನು ಒಂದೂವರೆ ಸುತ್ತು ಹೊಡೆಸಿ ಮೇಲೆ ನಿಲ್ಲಿಸಿತ್ತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟರೂ ಇದು ನನಗೆ ಅರ್ಥವಾಯಿತು. ಹೊಲಿಗೆ ಕಲಿಯುವಾಗ ಟೇಪಿನ ಇಂಚಿನ ಮಗ್ಗುಲು ಬಿಟ್ಟು ಸೆಂಟಿಮೀಟರಿನ ಮಗ್ಗುಲಲ್ಲಿ ಅಳೆದು ಬ್ಲೌಸ್ ಪೀಸು ಹಾಳುಮಾಡಿದವಳು ನಾನು.

ಯಾರೂ ಸಾರಿ ಅನ್ನಲಿಲ್ಲ. ಸರಿಮಾಡಿದರು, ಗುಂಡು ತೂಗಿತು. ಇವಳು ಅಷ್ಟಕ್ಕೆ ಬಿಡಬಾರದೇ?

"ನಾಳೆ ಮೊದ್ಲು ತಪ್ಪಾಗಿರೋದನ್ನೇ ತೋರ್ಸೋಣ ಸಾರ್. ಮಕ್ಕಳು ಎಡವೋದೂ ಇಲ್ಲೇ."

"ಪ್ರಿನ್ಸಿಪಾಲ್ ಎದುರಿಗಾ? ತಲೆ ಕೆಟ್ಟಿದ್ಯಾ ಮೇಡಂ ನಿಮ್ಗೆ?"

ನನ್ನ ಬಾಯಲ್ಲೂ ಅದೇ ಇತ್ತು. ಹೊರಗಿನವರ ಮುಂದೆ ಬೇಡವೆಂದು ಸುಮ್ಮನಿದ್ದೆ. ಬೆಳಿಗ್ಗೆ ಹೇಳೋಣವೆಂದರೆ ನಾನು ಸ್ನಾನ ಮುಗಿಸುವಷ್ಟರಲ್ಲಿ ಹೊರಟುಹೋಗಿದ್ದಳು.

ಮಧ್ಯಾಹ್ನ ಒಂದಾದರೂ ಫೋನಿಲ್ಲ. ನಾನೇ ಮಾಡಿದೆ, ಎತ್ತಲಿಲ್ಲ. ಒಗ್ಗರಣೆ ಸೀದುಹೋಯಿತು. ಎರಡಕ್ಕೆ ಅವಳೇ ಮಾಡಿದಳು.

"ಗುಂಡು ಮೇಲೆ ನಿಂತಿದ್ದೇ ಪ್ರಿನ್ಸಿಪಾಲ್ ಎದ್ದೇಬಿಟ್ರು ಅತ್ತೆ. ಮುಗೀತು ಅಂದ್ಕೊಂಡೆ. ನೋಡಿದ್ರೆ ಮುಂದೆ ಬಂದು, 'ಯಾಕೆ ಹಿಂಗಾಯ್ತು, ಹೇಳ್ರೋ' ಅಂತ ಹುಡುಗ್ರನ್ನ ಕೇಳಿದ್ರು. ಅರ್ಧ ಗಂಟೆ ಕ್ಲಾಸಲ್ಲಿ ಅದೇ ಜಗಳ."

"ಅದೆಲ್ಲಾ ಇರ್ಲಿ. ಸಹಿ ಹಾಕಿದ್ರಾ?"

"ಈ ಸೆಮಿಸ್ಟರ್‌ಗೆ ಹಾಕಿದ್ರು. ಮುಂದಿಂದು ಆಮೇಲೆ ನೋಡೋಣ ಅಂದ್ರು."

ತಪ್ಪನ್ನು ಮುಚ್ಚಿಡು ಎಂದು ನಾನು ಹೇಳುವವಳಿದ್ದೆ. ಅವಳು ಕೇಳಲು ನಿಲ್ಲಲಿಲ್ಲ. ಒಳ್ಳೆಯದೇ ಆಯಿತು.