ಅವರ ತೂಕಕ್ಕೆ ಕೂರಿಸಿದ ಕಾರು

ನನ್ನ ಯಜಮಾನರು ಹೋದ ಮೇಲೆ ಮನೆಗೆ ಬಂದವರಲ್ಲಿ ಬಹಳ ಜನ ಕಾರಿನ ಬಗ್ಗೆ ವಿಚಾರಿಸಿದರು. ಹಾಗೆ ಕೇಳುವಾಗ ಅವರ ದನಿ ಸ್ವಲ್ಪ ತಗ್ಗುತ್ತಿತ್ತು. ನನ್ನ ಚಿಕ್ಕಮ್ಮ ಮಾತ್ರ ದನಿ ತಗ್ಗಿಸಲಿಲ್ಲ. "ಶೆಡ್ಡಿನ ಬೀಗ ಬದಲಾಯ್ಸು ಕಣೇ. ಮೇಲ್ಗಡೆ ಎಲ್ಲಾ ಅಂಗೇ ಕಾಣುತ್ತೆ, ಒಳಗಿಂದೊಳಗೆ ಬಿಚ್ಕೊಂಡ್ ಹೋಗ್ಬುಟ್ಟಿರ್ತಾರೆ" ಎಂದರು. ಬೀಗವನ್ನು ನಾನು ಬದಲಾಯಿಸಲಿಲ್ಲ. ಆದರೆ ಆ ಮಾತು ಮನಸ್ಸಿನಿಂದ ಹೋಗಲಿಲ್ಲ.

ಕಾರು ಶ್ರೀರಾಂಪುರದ ಒಂದು ಬಾಡಿಗೆ ಶೆಡ್ಡಿನಲ್ಲಿತ್ತು. ದೇವರಾಜ ಮೊಹಲ್ಲಾದಲ್ಲಿ ಪಾತ್ರೆ ಅಂಗಡಿ ನಡೆಸುತ್ತಿದ್ದ ನಮ್ಮವರು ರಜಾ ದಿನವೆಲ್ಲ ಅಲ್ಲೇ ಕಳೆಯುತ್ತಿದ್ದರು. ಜೊತೆಗೆ ಅವರಿಗಿಂತ ಚಿಕ್ಕವನಾದ ಗೆಳೆಯ, ವೃತ್ತಿಯಲ್ಲಿ ಮೆಕ್ಯಾನಿಕ್. ಶೆಡ್ಡಿನ ಬೀಗದ ಕೀ ಅವನ ಹತ್ತಿರವೂ ಒಂದಿತ್ತು. ಇಬ್ಬರೂ ಸೇರಿ ಆ ಹಳೆಯ ಕಾರನ್ನು ಡ್ರ್ಯಾಗ್ ರೇಸಿಗೆ ಸಿದ್ಧ ಮಾಡಿದ್ದರು. ನೇರ ರಸ್ತೆಯಲ್ಲಿ ನಿಂತಲ್ಲಿಂದ ಹೊರಟು ಯಾರು ಮೊದಲು ಗೆರೆ ಮುಟ್ಟುತ್ತಾರೆ ಎನ್ನುವ ಪಂದ್ಯ ಅದು. ಇಂಜಿನ್ ಎಷ್ಟು ಜೋರಿದ್ದರೂ ಹಿಂದಿನ ಚಕ್ರ ನೆಲ ಕಚ್ಚದಿದ್ದರೆ ಎಲ್ಲ ದಂಡ ಎಂದು ನಮ್ಮವರು ಹೇಳುತ್ತಿದ್ದರು.

ಹೊರಡುವ ರಭಸಕ್ಕೆ ಬಲಗಡೆಯ ಹಿಂಚಕ್ರ ಹಗುರಾಗಿ ನಿಂತಲ್ಲೇ ಸುತ್ತುತ್ತದಂತೆ. ಅದನ್ನು ತಡೆಯಲು ಕಾರಿನ ಭಾರ ಹೊರುವ ಹಿಂದಿನ ಕಮಾನು ಪಟ್ಟಿಗಳ ಕೆಳಗೆ ಎರಡು ಕಬ್ಬಿಣದ ಸಲಾಕೆ ಹಾಕಿದ್ದರು. ಪ್ರತಿ ಸಲಾಕೆಯ ಮುಂತುದಿಯಲ್ಲಿ ಬೋಲ್ಟು ತಿರುಗಿಸಿ ಏರಿಸಿ ಇಳಿಸಬಹುದಾದ ಒಂದು ರಬ್ಬರು. ಎಡಗಡೆಯ ರಬ್ಬರು ಪಟ್ಟಿಯಿಂದ ದೂರ ಇರಬೇಕು, ಬಲಗಡೆಯದು ಮುಟ್ಟಿಯೂ ಮುಟ್ಟದ ಹಾಗೆ ಇರಬೇಕು. ಆ ಸಂದಿಗೆ ಇವರು ಹಳೆಯ ಮದುವೆ ಕಾರ್ಡನ್ನು ಮಡಿಸಿ ತೂರಿಸಿ ನೋಡುತ್ತಿದ್ದರು. ಕಾರ್ಡು ಹರಿಯಬಾರದು, ಜಾರಿ ಬೀಳಲೂಬಾರದು.

ಸೀಟಿನ ಮೇಲೆ ತೂಕ ಹೆಚ್ಚಿದಷ್ಟೂ ಆ ಸಂದಿ ಕಿರಿದಾಗುತ್ತದೆ. ಹಾಗಾಗಿ ಓಡಿಸುವವರ ತೂಕ ಸೀಟಿನ ಮೇಲೆ ಇರುವಾಗಲೇ ಇದನ್ನೆಲ್ಲ ನೋಡಬೇಕು. ಓಡಿಸುವವರು ಇವರೇ, ಕಾರಿನ ಕೆಳಗೆ ಮಲಗುವವರೂ ಇವರೇ. ಅದಕ್ಕೆ ಸ್ಟೇರಿಂಗ್ ಮುಂದೆ ನನ್ನನ್ನು ಕೂರಿಸಿ ಮಡಿಲಲ್ಲಿ ಒಂದು ಅಕ್ಕಿ ಚೀಲ ಇಡುತ್ತಿದ್ದರು. ನಾನೂ ಅಕ್ಕಿಯೂ ಸೇರಿದರೆ ಅವರ ತೂಕ. "ಜೋರಾಗಿ ಉಸಿರಾಡ್ಬೇಡ ಕಣೇ, ಗಾಡಿ ಅಲ್ಲಾಡುತ್ತೆ" ಎಂದು ಕೆಳಗಿನಿಂದ ರೇಗಿಸುವರು. ಕೊನೆಗೆ ಕಾರ್ಡು ಸಂದಿಯಲ್ಲಿ ಸರಿಯಾಗಿ ನಿಂತಾಗ "ಹಿಡೀತು" ಎನ್ನುವರು. ಆಗ ನಾನು ಇಳಿಯಬಹುದು.

ಆ ಬಲಗಡೆಯ ರಬ್ಬರು ಅವರ ಕೈಯಿಂದ ಆದ ಕೊನೆಯ ಕೆಲಸ. ಅದಾದ ವಾರದೊಳಗೆ ಅಂಗಡಿಯಲ್ಲಿ ಕೂತಿದ್ದಾಗಲೇ ಎದೆನೋವು ಬಂದು ಹೋದರು.

ಕೆಲವು ತಿಂಗಳ ಮೇಲೆ ಗೆಳೆಯ ಮನೆಗೆ ಬಂದ. "ಭಾನುವಾರ ರೇಸಿದೆ ಅತ್ತಿಗೆ. ಅಣ್ಣನ ಜ್ಞಾಪಕಕ್ಕೆ ಒಂದೇ ಒಂದ್ಸಲ ಓಡಿಸ್ತೀನಿ, ಕೀ ಕೊಡಿ. ಅಣ್ಣ ಕೂರ್ಸಿದ್ದನ್ನ ನಾನ್ ಮುಟ್ಟೇ ಇಲ್ಲ."

ಮುಟ್ಟಿದೆಯಾ ಎಂದು ನಾನು ಕೇಳಿಯೇ ಇರಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಯಾಕೆ ಕೊಟ್ಟ? ಅವರು ಇಟ್ಟದ್ದು ಇಟ್ಟ ಹಾಗೇ ಇದ್ದರೆ ಮಾತ್ರ ಕೀ ಕೊಡುವುದು ಎಂದು ನಿಶ್ಚಯಿಸಿದೆ. "ಒಂದ್ಸಲ ನೋಡ್ಬುಡೋಣ, ನಡಿ" ಎಂದು ಅಕ್ಕಿ ಚೀಲ ತೆಗೆದುಕೊಂಡು ಹೊರಟೆ.

ಶೆಡ್ಡಿನಲ್ಲಿ ಕಾರಿನ ಹೊದಿಕೆಯ ಮೇಲೆ ಧೂಳು ಕಡಿಮೆ ಅನ್ನಿಸಿತು. ಸೀಟಿನಲ್ಲಿ ಕೂತು ಚೀಲವನ್ನು ಮಡಿಲಿಗೆ ಎಳೆದುಕೊಂಡೆ. ಅವನು ಕಾರ್ಡು ಹಿಡಿದು ಕೆಳಗೆ ತೂರಿದ. ಸ್ವಲ್ಪ ಹೊತ್ತಿಗೆ ದನಿ ಬಂತು: "ಹಿಡೀತು ಅತ್ತಿಗೆ. ಅಣ್ಣ ಇಟ್ಟಂಗೇ ಇದೆ." ಅವರ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ನನಗೆ ಕಣ್ಣು ತುಂಬಿತು. ಅನುಮಾನಪಟ್ಟೆನಲ್ಲ ಎಂದು ನಾಚಿಕೆಯೂ ಆಯಿತು. ನಾಳೆ ಬಂದು ಕೀ ತಗೋ ಎಂದೆ.

ಆ ಸಂಜೆ ಬಿ.ಪಿ. ತೋರಿಸಲು ಕುವೆಂಪುನಗರದ ಕ್ಲಿನಿಕ್ಕಿಗೆ ಹೋದೆ. ನರ್ಸ್ ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ಗದರಿದಳು. "ಊಟ ಮಾಡ್ತಿದ್ದೀರೋ ಇಲ್ವೋ? ಯಜಮಾನ್ರಿದ್ದಾಗ ಬಂದಿದ್ದಕ್ಕಿಂತ ಹತ್ತು ಕೆಜಿ ಇಳಿದ್ಬುಟ್ಟಿದ್ದೀರಲ್ಲಮ್ಮ!"

ಸ್ಕೂಟರ್ ಸ್ಟಾರ್ಟ್ ಮಾಡುವಾಗ ಹೊಳೆಯಿತು. ನಾನು ಹತ್ತು ಕೆಜಿ ಇಳಿದಿದ್ದರೆ, ಅದೇ ಅಕ್ಕಿ ಚೀಲದ ಜೊತೆ ಅವರ ತೂಕ ಆಗುವುದಿಲ್ಲ. ಅವರು ಕೂರಿಸಿದ ಹಾಗೇ ಇದ್ದಿದ್ದರೆ ಇಂದು ಕಾರ್ಡು ಜಾರಿ ಬೀಳಬೇಕಿತ್ತು. ಹಿಡಿಯಿತು ಎಂದರೆ ಯಾರೋ ರಬ್ಬರು ಏರಿಸಿದ್ದಾರೆ. ಇಲ್ಲವೇ ಅವನು ಸುಳ್ಳು ಹೇಳಿದ್ದಾನೆ.

ಮಾರನೆಯ ದಿನ ಅವನಿಗಿಂತ ಮೊದಲೇ ಶೆಡ್ಡಿಗೆ ಹೋದೆ. ಚೀಲಕ್ಕೆ ಹತ್ತು ಕೆಜಿ ಅಕ್ಕಿ ಸೇರಿಸಿದ್ದೆ. ಅವನು ಬಂದಾಗ ಆಗಲೇ ಸೀಟಿನಲ್ಲಿ ಕೂತಿದ್ದೆ, ಚೀಲದ ಮೇಲೆ ಸೆರಗು ಹೊದಿಸಿದ್ದೆ. "ಇನ್ನೊಂದ್ಸಲ ನೋಡ್ಬುಡಪ್ಪ, ಮನಸ್ಸಿಗೆ ಸಮಾಧಾನ" ಎಂದೆ. ಅವನು ನಗುತ್ತ ಕೆಳಗೆ ತೂರಿದ. ತುಸು ತಡವಾಯಿತು. ಕಾರ್ಡು ಕಬ್ಬಿಣಕ್ಕೆ ಉಜ್ಜುವ ಸದ್ದು ಕೇಳಿಸಿತು.

"ಹಿಡೀತು ಅತ್ತಿಗೆ."

"ನಿನ್ನೆಗಿಂತ ಇವತ್ತು ಹತ್ತು ಕೆಜಿ ಜಾಸ್ತಿ ಇದೆ ಕಣಪ್ಪ ಇಲ್ಲಿ. ನಿನ್ನೆಯೂ ಹಿಡೀತು, ಇವತ್ತೂ ಹಿಡೀತಾ?"

ಅವನು ಹೊರಗೆ ಬಂದು ನೆಲದಲ್ಲೇ ಕೂತ. "ಕಾರ್ಡು ತೂರ್ತಾನೇ ಇಲ್ಲ" ಎಂದ. "ಹೋದ ತಿಂಗ್ಳು ಒಂದಿನ ಆಚೆ ತೆಗ್ದಿದ್ದೆ ಅತ್ತಿಗೆ. ಹೊಸ ಲೇಔಟಿನ ರಸ್ತೆ ಖಾಲಿ ಇತ್ತು. ನಾನು ಸಣಕಲ, ನನ್ ತೂಕಕ್ಕೆ ಬಲಗಡೆ ಚಕ್ರ ಕಚ್ಚಲೇ ಇಲ್ಲ. ರಬ್ಬರ್ ಏರ್ಸ್ಬುಟ್ಟೆ. ಹೇಳಿದ್ರೆ ನೀವು ಕೊಡಲ್ಲ ಅಂತ ಹೇಳ್ಲಿಲ್ಲ."

"ಕಾರಿನ ಕೀ ಎಲ್ಲಿಂದ ಬಂತು?"

ಜೇಬಿನಿಂದ ಇನ್ನೊಂದು ಕೀ ತೆಗೆದ. "ಅಣ್ಣಾನೇ ಕೊಟ್ಟಿದ್ರು." ನಿಜವಿರಬಹುದು. ಕೇಳೋಣವೆಂದರೆ ಅವರಿಲ್ಲ.

"ಹಳೇದು ಎಲ್ಲಿತ್ತು ಅಂತ ಗುರುತು ಹಾಕಿದ್ಯಾ?"

"ಇಲ್ಲ. ಅಣ್ಣನೂ ಹಾಕ್ತಿರ್ಲಿಲ್ಲ. ಪ್ರತಿ ಸಲ ನಿಮ್ಮನ್ನ ಕೂರ್ಸೇ ಹುಡುಕೋರು."

"ಹಂಗಾದ್ರೆ ಈಗ್ಲೇ ಹುಡುಕು" ಎಂದೆ. ಅವನು ಕೆಳಗೆ ಹೋದ. ಸ್ಪ್ಯಾನರ್ ತಿರುಗುವುದು, ನಿಲ್ಲುವುದು, ಮತ್ತೆ ತಿರುಗುವುದು ಕೇಳುತ್ತಿತ್ತು. ಸೀಟಿನಲ್ಲಿ ಕೂತವರಿಗೆ ಕೆಳಗೆ ನಡೆಯುವುದು ಕಾಣುವುದಿಲ್ಲ. ಇಷ್ಟು ವರ್ಷ ಅವರು ಹಿಡೀತು ಎಂದಾಗ ನಾನು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. ಕೊನೆಗೆ ಅವನು "ಹಿಡೀತು" ಎಂದ. ನಾನು ಇಳಿದ ಕೂಡಲೇ ಕಾರ್ಡು ಪಟ್ಟೆಂದು ನೆಲಕ್ಕೆ ಬಿತ್ತು. ಸರಿಯಾಗಿ ಕೂರಿಸಿದ್ದರೂ ಬೀಳಬೇಕು, ಸಡಿಲ ಬಿಟ್ಟಿದ್ದರೂ ಬೀಳುತ್ತದೆ.

ಅವನ ಕೈಯಲ್ಲಿದ್ದ ಕೀಯನ್ನು ತೆಗೆದುಕೊಂಡೆ. "ಈ ಭಾನುವಾರ ಬೇಡ" ಎಂದೆ.

"ನಿಲ್ಸಿ ನಿಲ್ಸಿ ಹಾಳಾಗುತ್ತೆ. ಅಣ್ಣ ಇದ್ದಿದ್ರೆ ಬೈಯೋರು ಅತ್ತಿಗೆ."

"ಯಾರನ್ನ?"

ಅವನು ಕೈ ಒರೆಸಿಕೊಳ್ಳುತ್ತಾ ನಿಂತ. ನಾನು ಅಕ್ಕಿ ಚೀಲ ಎತ್ತಿಕೊಂಡು ಶೆಡ್ಡಿನಿಂದ ಹೊರಟೆ.